ನೀರಿನ ವರದಿ ನೋಡಿ ಮೀನನ್ನು ಅಳೆಯಬೇಡಿ

ಕೋಲಾರ ತಾಲ್ಲೂಕಿನ ಓದುಗರೊಬ್ಬರ ಪ್ರಶ್ನೆ: ‘ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ತುಂಬಿದ ನಮ್ಮೂರ ಕೆರೆಯ ನೀರನ್ನು ಪರೀಕ್ಷೆಗೆ ಕಳಿಸಿದ್ದೆವು. ಕೀಟನಾಶಕ ಪತ್ತೆಯಾಗಿಲ್ಲವೆಂದು ವರದಿ ಬಂದಿದೆ. ಇನ್ನು ಮೀನು ತಿನ್ನಲು ಭಯವೇಕೆ? ಚೆನ್ನಾಗಿ ಬೇಯಿಸಿದರೆ ಸಾಲದೇ?’

ಸಂಪಾದಕರ ಉತ್ತರ:

ವರದಿ ಸುಳ್ಳಿರಲಾರದು. ಆದರೆ ಡಿಡಿಟಿಯಂಥ ಕೀಟನಾಶಕ, ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿದ್ದ ಪಿಸಿಬಿ ರಾಸಾಯನಿಕಗಳು ನೀರಿನಲ್ಲಿ ಕರಗುವುದೇ ಅಪರೂಪ. ಅವು ಸೇರುವುದು ಕೆಸರಿಗೆ, ಕೊಬ್ಬಿಗೆ. ನೀರಿನಲ್ಲಿ ಯಂತ್ರಕ್ಕೂ ಸಿಗದಷ್ಟು ಇದ್ದರೂ ಪಾಚಿ ಅದನ್ನು ಹೀರುತ್ತದೆ, ಪಾಚಿಯನ್ನು ಸಣ್ಣ ಹುಳ ತಿನ್ನುತ್ತದೆ, ಹುಳವನ್ನು ಮರಿಮೀನು, ಮರಿಮೀನನ್ನು ಕೊರಮೀನು. ತಿಂದದ್ದು ಅರಗಿ ಖರ್ಚಾಗುತ್ತದೆ, ವಿಷ ಮಾತ್ರ ಉಳಿದು ಬೆಳೆಯುತ್ತದೆ. ಅಮೆರಿಕದ ಕ್ಲಿಯರ್ ಲೇಕ್‌ನಲ್ಲಿ ನುಸಿ ಕೊಲ್ಲಲು 1949, 1954 ಮತ್ತು 1957ರಲ್ಲಿ ಡಿಡಿಟಿಯ ಸೋದರ ವಸ್ತು ಡಿಡಿಡಿಯನ್ನು ಸುರಿದರು. ನೀರಿನಲ್ಲಿ ಹತ್ತು ಲಕ್ಷಕ್ಕೆ 0.02 ಪಾಲೂ ಮೀರದಷ್ಟು. ಅಲ್ಲಿ ಸತ್ತ ಮೀನುಬಾಕ ಹಕ್ಕಿಗಳ ಕೊಬ್ಬಿನಲ್ಲಿ ಸಿಕ್ಕಿದ್ದು 1,600 ಪಾಲು.

ಪಾದರಸದ ದಾರಿ ಬೇರೆ, ನಮ್ಮ ಸೀಮೆಗೆ ಅದೇ ಹೆಚ್ಚು ಯೋಚಿಸಬೇಕಾದ್ದು. ವರ್ಷಗಟ್ಟಲೆ ಒಣಗಿ ಜಾಲಿ ಬೆಳೆದ ಕೆರೆಗೆ ಏಕಾಏಕಿ ನೀರು ನಿಂತರೆ ಮುಳುಗಿದ ಗಿಡಗಂಟಿ ಕೊಳೆತು, ತಳದ ಕೆಸರಿನಲ್ಲಿ ಆಮ್ಲಜನಕ ತೀರುತ್ತದೆ. ಅಲ್ಲಿ ಬದುಕುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿರುವ ಪಾದರಸವನ್ನು ಮೀಥೈಲ್ ಪಾದರಸವೆಂಬ ಹೆಚ್ಚು ವಿಷಕಾರಿ ರೂಪಕ್ಕೆ ಮಾರ್ಪಡಿಸುತ್ತವೆ. ಇದು ಅಂಟಿಕೊಳ್ಳುವುದು ಮೀನಿನ ಕೊಬ್ಬಿಗಲ್ಲ, ಮಾಂಸಕ್ಕೇ. ನಾನ್‌ಸ್ಟಿಕ್ ಲೇಪನ, ಅಗ್ನಿಶಾಮಕ ನೊರೆಗಳಿಂದ ಬರುವ ಪಿಎಫ್‌ಎಎಸ್ ಎಂಬ ರಾಸಾಯನಿಕಗಳು ರಕ್ತ, ಯಕೃತ್ತಿನ ಪ್ರೋಟೀನನ್ನು ಹಿಡಿಯುತ್ತವೆ. ಕೊಳಚೆ ಶುದ್ಧೀಕರಣದ ಎರಡನೇ ಹಂತದ ಸಂಸ್ಕರಣೆ ಅವನ್ನು ಮುರಿಯುವುದಿಲ್ಲ. ಅದು ಅದಕ್ಕಾಗಿ ಮಾಡಿದ್ದೂ ಅಲ್ಲ.

ಹಾಗಾಗಿ ಬೇಯಿಸಿದ ಮಾತ್ರಕ್ಕೆ ಯಾವುದೂ ನಾಶವಾಗುವುದಿಲ್ಲ. ಚರ್ಮ, ಹೊಟ್ಟೆಯ ಕೊಬ್ಬು, ಕರುಳು, ಯಕೃತ್ತು ತೆಗೆದು ಕೆಂಡದ ಮೇಲೆ ಸುಟ್ಟರೆ ಡಿಡಿಟಿಯಂಥವು ಕೊಂಚ ಕಡಿಮೆಯಾಗುತ್ತವೆ. ಮೀನು ಸಾರಿನಲ್ಲಿ ಕರಗಿದ ಕೊಬ್ಬು ಸಾರಿಗೇ ಇಳಿಯುವುದರಿಂದ ಸುಡುವುದರ ಆ ಲಾಭವೂ ಇಲ್ಲ. ಪಾದರಸಕ್ಕಂತೂ ಕತ್ತಿಯಿಂದ ಪರಿಹಾರವಿಲ್ಲ. ಮೀನಿನ ಆಯ್ಕೆಯೇ ದಾರಿ. ಬೇಗ ಬೆಳೆಯುವ, ತೇಲುವ ಸಣ್ಣ ಜೀವಿಗಳನ್ನು ತಿನ್ನುವ ಕಟ್ಲಾ ವಾಸಿ. ಹಲವು ವರ್ಷ ಬದುಕಿದ ದೊಡ್ಡ ಕೊರಮೀನನ್ನು ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಕೊಡದಿರುವುದೇ ಮೇಲು.

ಮುಂದಿನ ಸಲ ನೀರಿನ ಬಾಟಲಿ ಒಯ್ಯಬೇಡಿ. ಒಂದೇ ಜಾತಿಯ ಐದು ಮೀನು ಹಿಡಿಯಿರಿ, ಅತಿ ಚಿಕ್ಕದು ಉದ್ದದಲ್ಲಿ ಅತಿ ದೊಡ್ಡದರ ಮುಕ್ಕಾಲಿಗಿಂತ ಕಡಿಮೆ ಇರಬಾರದು. ಉದ್ದ, ತೂಕ ಬರೆದಿಟ್ಟು ಮಂಜುಗಡ್ಡೆಯಲ್ಲಿ ಇಟ್ಟುಕೊಂಡು ಹೋಗಿ. ಜೊತೆಗೆ ನೀರು ಕೆರೆಗೆ ಬೀಳುವ ಕಡೆಯಿಂದಲೂ ಆಳದ ಕಡೆಯಿಂದಲೂ ಮೇಲಿನ ಐದು ಸೆಂ.ಮೀ. ಕೆಸರು. ವರದಿಯಲ್ಲಿ ಮೀನಿನ ಕೊಬ್ಬಿನ ಶೇಕಡಾವಾರನ್ನೂ, ‘ಪತ್ತೆಯಾಗಿಲ್ಲ’ ಎಂದ ಕಡೆ ಪತ್ತೆ ಮಿತಿಯ (ಯಂತ್ರ ಹಿಡಿಯಬಲ್ಲ ಅತಿ ಕಡಿಮೆ ಪ್ರಮಾಣದ) ಅಂಕಿಯನ್ನೂ ಬರೆಸಿಕೊಳ್ಳಿ. ಅಂಕಿಯಿಲ್ಲದ ಆ ಪದಕ್ಕೆ ಬೆಲೆಯಿಲ್ಲ. ಕೀಟನಾಶಕ ಪರೀಕ್ಷೆಗೆ ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕದೆ ಶುದ್ಧ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ. ಪಿಎಫ್‌ಎಎಸ್ ಪರೀಕ್ಷೆಗೆ ಬೇರೆ ಮೀನನ್ನು ಪ್ರಯೋಗಾಲಯದವರೇ ಕೊಡುವ ಪಾಲಿಪ್ರೊಪಿಲೀನ್ ಡಬ್ಬಿಯಲ್ಲಿ ಹಾಕಿ.