ನಿರಾಶ್ರಿತ ಟಿಬೆಟನ್ನರಲ್ಲಿ ಮೈಮೇಲೆ ದೇವತೆ ಬರುವ ವಿಧಿ ಹೇಗೆ ನಡೆಯುತ್ತದೆ?

ಈ ಪದ್ಧತಿಯ ಅತ್ಯಂತ ಪ್ರಮುಖ ರೂಪವನ್ನು ಹಿಮಾಚಲ ಪ್ರದೇಶದ ಧರ್ಮಶಾಲಾ ಪಟ್ಟಣದ ನೆಚುಂಗ್ ಮಠದಲ್ಲಿ ಕಾಣಬಹುದು. ಧರ್ಮರಕ್ಷಕ ದೇವತೆಯಾದ ದೋರ್ಜೆ ದ್ರಾಕ್ದೆನ್ ಅಲ್ಲಿನ ಕುಟೆನ್ ಎಂಬ ಪಾತ್ರಿಯ ಮೈದುಂಬುತ್ತಾನೆ ಎಂಬುದು ನಂಬಿಕೆ. 17ನೇ ಶತಮಾನದಿಂದ ಟಿಬೆಟ್ ಸರ್ಕಾರವು ರಾಜ್ಯದ ವಿಚಾರಗಳಲ್ಲಿ ಈ ದೇವತೆಯನ್ನು ಕೇಳುತ್ತ ಬಂದಿದೆ, 1959ರ ಮಾರ್ಚ್ 17ರಂದು ಲಾಸಾ ತೊರೆಯುವ ಮುನ್ನ ದಲೈ ಲಾಮಾ ಅವರೂ ಕೇಳಿದ್ದರು.

ಭಿಕ್ಷುಗಳು ತುತ್ತೂರಿ, ತಾಳ, ನಗಾರಿಗಳೊಡನೆ ಆವಾಹನೆಯ ಪಠಣ ನಡೆಸುತ್ತಿರುವಾಗ, ಪದರ ಪದರವಾದ ಜರಿಯುಡುಪನ್ನೂ ಎದೆಗೆ ಲೋಹದ ಕನ್ನಡಿಯನ್ನೂ ಧರಿಸಿದ ಕುಟೆನ್ ಧ್ಯಾನಕ್ಕೆ ಇಳಿಯುತ್ತಾರೆ. ಉಸಿರು ಬಿರುಸಾಗಿ, ಮುಖಚಹರೆಯೇ ಬದಲಾಗಿ, ಆವೇಶ ಪೂರ್ಣಗೊಂಡ ಬಳಿಕವೇ ಸಹಾಯಕರು ಭಾರವಾದ ಶಿರಸ್ತ್ರಾಣವನ್ನು ಬಿಗಿದು ಕಟ್ಟುತ್ತಾರೆ. ಸಾಮಾನ್ಯ ಸ್ಥಿತಿಯಲ್ಲಿ ಹೊತ್ತು ನಡೆಯುವುದೇ ಕಷ್ಟವಾದ ಆ ವೇಷದಲ್ಲಿ ಅವರು ಕುಣಿಯುತ್ತಾರೆ, ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಆ ನುಡಿಗಳನ್ನು ಬರೆದುಕೊಳ್ಳಲಾಗುತ್ತದೆ. ಕೊನೆಗೆ ಅವರು ಕುಸಿದೊಡನೆ ಶಿರಸ್ತ್ರಾಣವನ್ನು ತಕ್ಷಣ ಬಿಚ್ಚಬೇಕು, ಇಲ್ಲವಾದರೆ ಪ್ರಾಣಕ್ಕೇ ಅಪಾಯ.

ಈ ಸ್ಥಾನ ವಂಶಪಾರಂಪರ್ಯವಲ್ಲ ಎಂಬುದು ನನಗೆ ಬಹಳ ಮಹತ್ವದ್ದಾಗಿ ತೋರುತ್ತದೆ. ಹಿಂದಿನ ಕುಟೆನ್ 1984ರಲ್ಲಿ ತೀರಿಕೊಂಡರು. 1987ರಲ್ಲಿ ಅದೇ ಮಠದ ಭಿಕ್ಷು ಥುಪ್ತೆನ್ ಙೊಡುಪ್ ಅವರಲ್ಲಿ ಆವೇಶ ಕಾಣಿಸಿಕೊಳ್ಳುವವರೆಗೆ ಸ್ಥಾನ ಖಾಲಿಯೇ ಇತ್ತು. ದೇವತೆಯ ನುಡಿಯನ್ನೇ ಅಂತಿಮವೆಂದು ಭಾವಿಸದೆ, ಸಚಿವರ ಸಲಹೆ ಮತ್ತು ಸ್ವಂತ ವಿವೇಚನೆಯ ಜೊತೆಗಿಟ್ಟು ತೂಗುವುದಾಗಿ ದಲೈ ಲಾಮಾ ಅವರೇ ಹೇಳಿದ್ದಾರೆ.