ಕೆಳಗಿಳಿಯುವ ಭಯವಿಲ್ಲದ ಲೀಗು

ದಾವಣಗೆರೆಯ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು ಮೂರು ಹಾಳೆಯ ಪತ್ರ ಬರೆದಿದ್ದಾರೆ. ನಮ್ಮ ಫುಟ್‌ಬಾಲ್ ಸಪ್ಪೆಯಾಗಿದೆ, ನಿಯಮ ಬದಲಿಸದೆ ಗತಿಯಿಲ್ಲ ಎಂಬುದು ಅವರ ವಾದ. ಚೆಂಡು ನಿಂತಾಗಲೆಲ್ಲ ಗಡಿಯಾರವೂ ನಿಲ್ಲಲಿ, ಪೆನಾಲ್ಟಿ ಬಾಕ್ಸ್‌ನ ಹೊರಗಿನಿಂದ ಹೊಡೆದರೆ ಒಂದಲ್ಲ ಎರಡು ಗೋಲು ಎಂದು ಎಣಿಸಲಿ, ರೆಫರಿ ಸೀಟಿ ಊದುವವರೆಗೆ ಯಾರೂ ಫ್ರೀ ಕಿಕ್ ಹೊಡೆಯುವಂತಿಲ್ಲ ಎಂದಾಗಲಿ ಎನ್ನುತ್ತಾರೆ. ಕೊನೆಗೊಂದು ಚುಚ್ಚುಮಾತು: 'ನಿಮ್ಮ ಪತ್ರಿಕೆಯಲ್ಲಿ ಕ್ರಿಕೆಟ್‌ಗೆ ನಾಲ್ಕು ಪುಟ, ಫುಟ್‌ಬಾಲ್‌ಗೆ ಅರ್ಧ ಪುಟ ಏಕೆ?'

ಪ್ರಿಯ ಮೇಷ್ಟ್ರೇ,

ಸೀಟಿಯ ವಿಷಯದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಿಮ್ಮ ಸಿಟ್ಟೆಲ್ಲ ಅಲ್ಲೇ ಇದೆ. 2023ರ ಮಾರ್ಚ್ 3ರ ರಾತ್ರಿ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ನಾಕೌಟ್ ಪಂದ್ಯ. ಹೆಚ್ಚುವರಿ ಸಮಯದಲ್ಲಿ ಎದುರಾಳಿಗಳು ಇನ್ನೂ ಚೆಂಡಿಗೆ ಅಡ್ಡ ಸಾಲಾಗಿ ನಿಂತು ಗೋಡೆ ಕಟ್ಟಿಕೊಳ್ಳುವ ಮೊದಲೇ ಬೆಂಗಳೂರಿನ ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದುಬಿಟ್ಟರು. ರೆಫರಿ ಗೋಲು ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನೇ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಆಮೇಲೆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ.

ನಾನು ಬೆಂಗಳೂರಿನ ಪಕ್ಷದವನು, ಅದನ್ನು ಮುಚ್ಚಿಡುವುದಿಲ್ಲ. ಆದರೂ ಆ ನಿಯಮವನ್ನು ಬದಲಿಸಬಾರದು ಎನ್ನುವುದಕ್ಕೆ ಕಾರಣ ಬೇರೆ. ಫೌಲ್ ಮಾಡಿದವನು ಗೋಡೆ ಕಟ್ಟಿಕೊಳ್ಳಲು ಪುರುಸೊತ್ತು ಕೇಳುವುದೇ ಒಂದು ತಮಾಷೆ. ಫೌಲ್‌ನಿಂದ ನಷ್ಟವಾದವನಿಗೆ ತಟ್ಟನೆ ಹೊಡೆಯುವ ಹಕ್ಕು ಇರಬೇಕು. ಗೋಡೆಯನ್ನು ದೂರ ಸರಿಸಿ ಎಂದು ಅವನೇ ಕೇಳಿದರೆ ಮಾತ್ರ ಸೀಟಿಗೆ ಕಾಯಬೇಕಾಗುತ್ತದೆ. ನೀವು ಹೇಳಿದಂತೆ ಮಾಡಿದರೆ ತಪ್ಪು ಮಾಡಿದವನಿಗೆ ಪ್ರತಿ ಸಲವೂ ಅರ್ಧ ನಿಮಿಷದ ಬಹುಮಾನ.

ಎರಡು ಗೋಲಿನ ಸಲಹೆ ಓದಿ ನಕ್ಕೆ, ಕ್ಷಮಿಸಿ. ಇಂಥ ಆಮಿಷಗಳು ತಿರುಗುಬಾಣವಾಗುತ್ತವೆ. ಹೆಚ್ಚುವರಿ ಸಮಯದಲ್ಲಿ ಮೊದಲ ಗೋಲು ಹೊಡೆದವರೇ ಗೆದ್ದಂತೆ ಎಂಬ 'ಗೋಲ್ಡನ್ ಗೋಲ್' ನಿಯಮ ತಂದದ್ದು ತಂಡಗಳು ಮುನ್ನುಗ್ಗಲಿ ಎಂದು. ಒಂದು ಗೋಲು ಬಿಟ್ಟುಕೊಟ್ಟರೆ ಕಥೆ ಮುಗಿಯಿತು ಎಂದು ಹೆದರಿದ ತಂಡಗಳು ಇನ್ನಷ್ಟು ಹಿಂದೆ ಸರಿದು ನಿಂತವು. 2004ರ ಹೊತ್ತಿಗೆ ಅದನ್ನು ಕೈಬಿಟ್ಟರು.

ಗಡಿಯಾರದ ಮಾತು ಹಾಗಲ್ಲ. ನಿಯಮ ಬರೆಯುವ ಐಎಫ್‌ಎಬಿ ಮಂಡಳಿಯೇ 2017ರಲ್ಲಿ ಇದನ್ನು ಚರ್ಚೆಗೆ ಇಟ್ಟಿತ್ತು: 30 ನಿಮಿಷಗಳ ಎರಡು ಅವಧಿ, ಆಟ ನಿಂತರೆ ಗಡಿಯಾರವೂ ನಿಲ್ಲಬೇಕು. 1886ರಲ್ಲಿ ಹುಟ್ಟಿದ ಆ ಮಂಡಳಿಯಲ್ಲಿ ಇರುವುದು ಎಂಟೇ ಮತ. ನಾಲ್ಕು ಫೀಫಾದ್ದು, ಉಳಿದ ನಾಲ್ಕು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳದ್ದು. ಆರು ಮತ ಬೀಳದೆ ಒಂದು ಅಕ್ಷರವೂ ಬದಲಾಗದು. ನನ್ನ ತಕರಾರು ಇಷ್ಟೇ: ನಿಮ್ಮೂರಿನ ಹೈಸ್ಕೂಲು ಮೈದಾನದಲ್ಲಿ ಆ ಗಡಿಯಾರ ಹಿಡಿದು ಕೂರುವವರು ಯಾರು? ಒಬ್ಬ ರೆಫರಿಯ ಕೈಯಲ್ಲಿ ಆಗುವಂಥ ನಿಯಮವೇ ಬಾಳುತ್ತದೆ. 1990ರ ಇಟಲಿ ವಿಶ್ವಕಪ್ಪಿನಲ್ಲಿ ಪಂದ್ಯಕ್ಕೆ ಸರಾಸರಿ 2.21 ಗೋಲು ಬಂದಿತ್ತು. ಯಾವ ವಿಶ್ವಕಪ್ಪಿನಲ್ಲೂ ಅಷ್ಟು ಕಡಿಮೆ ಬಂದಿಲ್ಲ. 1992ರಲ್ಲಿ ಒಂದೇ ಒಂದು ಬದಲಾವಣೆ ಮಾಡಿದರು: ತನ್ನ ತಂಡದವನು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲಿ (ಗೋಲ್‌ಕೀಪರ್) ಕೈಯಲ್ಲಿ ಹಿಡಿಯುವಂತಿಲ್ಲ. ಕ್ಯಾಮೆರಾ ಬೇಕಾಗಲಿಲ್ಲ, ಖರ್ಚು ಸೊನ್ನೆ, ಆಟದ ವೇಗ ಮಾತ್ರ ಬೇರೆಯೇ ಆಯಿತು.

ಗೋಲಿ ಆರು ಸೆಕೆಂಡಿಗಿಂತ ಹೆಚ್ಚು ಹೊತ್ತು ಚೆಂಡು ಅಪ್ಪಿಕೊಂಡಿರಬಾರದು ಎಂಬ ಹಳೆಯ ನಿಯಮದ ಗತಿ ನಿಮಗೆ ಗೊತ್ತೇ ಇದೆ. ಬಾಕ್ಸ್‌ನೊಳಗೇ ಇನ್‌ಡೈರೆಕ್ಟ್ ಫ್ರೀ ಕಿಕ್ (ನೇರವಾಗಿ ಗೋಲು ಹೊಡೆಯಲಾಗದ ಫ್ರೀ ಕಿಕ್) ಎಂಬ ಶಿಕ್ಷೆ ಅತಿಯಾಯಿತೆಂದು ರೆಫರಿಗಳು ಕಂಡರೂ ಕಾಣದಂತೆ ಇರುತ್ತಿದ್ದರು. 2025-26ರಿಂದ ಎಂಟು ಸೆಕೆಂಡು ಮಾಡಿ, ಶಿಕ್ಷೆಯನ್ನು ಕಾರ್ನರ್‌ಗೆ ಇಳಿಸಿದ್ದಾರೆ. ಕೊನೆಯ ಐದು ಸೆಕೆಂಡನ್ನು ರೆಫರಿ ಬೆರಳೆತ್ತಿ ಎಣಿಸುತ್ತಾರೆ. ಬೆತ್ತದ ಏಟಿಗಿಂತ ಬೆಂಚಿನ ಮೇಲೆ ನಿಲ್ಲಿಸುವ ಶಿಕ್ಷೆ ಹೆಚ್ಚು ನಡೆಯುತ್ತದೆ ಎಂಬುದು ಮೇಷ್ಟ್ರಾದ ನಿಮಗೆ ಹೊಸ ಪಾಠವಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ನಮ್ಮ ಆಟ ಸಪ್ಪೆಯಾಗಿರುವುದಕ್ಕೆ ಈ ಯಾವ ನಿಯಮವೂ ಕಾರಣವಲ್ಲ. ಕಾರಣ ನಿಮ್ಮ ಪತ್ರದಲ್ಲಿ ಒಂದು ಸಾಲಿನಲ್ಲೂ ಬಾರದ ಸಂಗತಿ: ಹಿಂಬಡ್ತಿ, ಅಂದರೆ ಕೊನೆಗೆ ಬಂದ ತಂಡ ಕೆಳಗಿನ ಲೀಗಿಗೆ ಇಳಿಯುವುದು, ನಮ್ಮ ದೊಡ್ಡ ಲೀಗಿನಲ್ಲಿ ಇಲ್ಲದೇ ಹೋದದ್ದು.

2023-24ರ ಐಎಸ್‌ಎಲ್‌ನಲ್ಲಿ ಹೈದರಾಬಾದ್ ಎಫ್‌ಸಿ 22 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಕೊನೆಯ ಸ್ಥಾನ. ಮುಂದಿನ ವರ್ಷ ಅದೇ ಲೀಗಿನಲ್ಲಿ ಅದೇ ತಂಡ! 2023-24ರಲ್ಲೇ ನಮ್ಮ ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು ಮೂರನೆಯ ಹಂತದ ಲೀಗನ್ನು ಗೆದ್ದು, ಐಎಸ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಐ-ಲೀಗ್‌ಗೆ ಏರಿತು. ಮರುವರ್ಷ ಆಟ ಕೈಕೊಟ್ಟಿತು, ಹಿಂಬಡ್ತಿಯ ಸ್ಥಾನಕ್ಕೆ ಜಾರಿತು. ಬಡವರ ಮನೆಯಲ್ಲಿ ಸೋಲಿಗೆ ಶಿಕ್ಷೆ, ಸಿರಿವಂತರ ಮನೆಯಲ್ಲಿ ಮಾಫಿ. ಏಣಿಯ ಮಾತು 2019ರಲ್ಲೇ ಆಗಿತ್ತು. ಏಷ್ಯಾದ ಫುಟ್‌ಬಾಲ್ ಒಕ್ಕೂಟ ಒಪ್ಪಿದ ಮಾರ್ಗಸೂಚಿಯಂತೆ 2024-25ರಿಂದ ಬಡ್ತಿ, ಹಿಂಬಡ್ತಿ ಎರಡೂ ಬರಬೇಕಿತ್ತು. ಬಡ್ತಿ ಬಂತು: ಐ-ಲೀಗ್‌ನಿಂದ ಐಎಸ್‌ಎಲ್‌ಗೆ ಪಂಜಾಬ್ ಎಫ್‌ಸಿ ಏರಿತು, ಕೋಲ್ಕತ್ತದ ಮೊಹಮ್ಮಡನ್ ಏರಿತು. ಇಳಿಯುವ ಸರದಿ ಬಂದಾಗ ಮಾತ್ರ ಯಾರೂ ಇಳಿಯಲಿಲ್ಲ.

2021ರ ಏಪ್ರಿಲ್‌ನಲ್ಲಿ ಯುರೋಪಿನ 12 ದೊಡ್ಡ ಕ್ಲಬ್ಬುಗಳು ಸೂಪರ್ ಲೀಗ್ ಕಟ್ಟುತ್ತೇವೆಂದು ಹೊರಟವು. ಸ್ಥಾಪಕರಿಗೆ ಹಿಂಬಡ್ತಿ ಇಲ್ಲ ಎಂಬುದೇ ಅದರ ತಿರುಳು. ಅಭಿಮಾನಿಗಳು ಬೀದಿಗಿಳಿದರು. ಎರಡೇ ದಿನದಲ್ಲಿ ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಕಾಲ್ಕಿತ್ತವು. ಅವರು ಎರಡು ದಿನವೂ ಸಹಿಸದ್ದನ್ನು ನಾವು 2014ರಲ್ಲಿ ಐಎಸ್‌ಎಲ್ ಶುರುವಾದಾಗಿನಿಂದ ವರ್ಷಗಟ್ಟಲೆ ಟಿಕೆಟ್ ಕೊಂಡು ನೋಡಿದ್ದೇವೆ.

ಕೆಳಗಿಳಿದರೆ ಹಾಕಿದ ದುಡ್ಡು ಮುಳುಗುತ್ತದೆ ಎಂದು ಮಾಲೀಕರು ಅಂಜುತ್ತಾರೆ. ಅಂಜಿಕೆ ಸುಳ್ಳಲ್ಲ. ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗ್‌ನಿಂದ ಇಳಿದ ಕ್ಲಬ್ಬಿಗೆ ಗರಿಷ್ಠ ಮೂರು ವರ್ಷ ಲೀಗಿನ ಆದಾಯದಲ್ಲಿ ಪಾಲು ಕೊಡುತ್ತಾರೆ; ಅದನ್ನು ಇಲ್ಲೂ ಮಾಡಬಹುದು. ಆದರೆ ಮುಚ್ಚಿದ ಬಾಗಿಲು ದುಡ್ಡನ್ನಾದರೂ ಉಳಿಸಿತೇ? ಫುಟ್‌ಬಾಲ್ ಫೆಡರೇಷನ್ 2010ರಲ್ಲಿ 15 ವರ್ಷಕ್ಕೆ 700 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡು ವಾಣಿಜ್ಯ ಹಕ್ಕುಗಳನ್ನೆಲ್ಲ ಒಂದೇ ಕಂಪನಿಗೆ ಬಿಟ್ಟುಕೊಟ್ಟಿತು. ಆ ಒಪ್ಪಂದದ ನವೀಕರಣ ಇತ್ಯರ್ಥವಾಗದೆ 2025ರ ಜುಲೈನಲ್ಲಿ ಲೀಗನ್ನೇ ತಡೆಹಿಡಿದರು. ಆಟಗಾರರ ಸಂಬಳ ನಿಲ್ಲಿಸಿದ ಕ್ಲಬ್ಬುಗಳಲ್ಲಿ ನಮ್ಮ ಬೆಂಗಳೂರೂ ಒಂದು.

ಇನ್ನು ನಿಮ್ಮ ಚುಚ್ಚುಮಾತು. ಕಂಠೀರವದ ಆ ಗಲಾಟೆಯ ಮಾರನೆಯ ದಿನ, ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ, ರಾಜ್ಯ ತಂಡಗಳು ಸೆಣಸುವ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಎಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ, 54 ವರ್ಷಗಳ ನಂತರ. ನಾವು ಆ ವಾರ ಛೆಟ್ರಿಯ ಫ್ರೀ ಕಿಕ್‌ಗೆ ಒಂದು ಪುಟ, ಈ ಗೆಲುವಿಗೆ ಎಂಟು ಸಾಲು ಕೊಟ್ಟಿದ್ದೆವು. ಹಳೆಯ ಸಂಚಿಕೆ ತೆಗೆದು ನೋಡಿದೆ, ನಾಚಿಕೆಯಾಯಿತು.

ಬೆಂಗಳೂರಿನ ಜಿಲ್ಲಾ ಲೀಗಿನಲ್ಲಿ ಸಿ ಡಿವಿಷನ್‌ನಿಂದ ಸೂಪರ್ ಡಿವಿಷನ್‌ವರೆಗೆ ಏಣಿ ಮೊದಲಿನಿಂದಲೂ ಇದೆ, ಹತ್ತುವುದಕ್ಕೂ ಇಳಿಯುವುದಕ್ಕೂ. ಮುಂದಿನ ಸಂಚಿಕೆಯಿಂದ ಅದರ ಅಂಕಪಟ್ಟಿ ಹಾಕುತ್ತೇವೆ. ಸದ್ಯಕ್ಕೆ ಕ್ರಿಕೆಟ್ಟಿನಿಂದ ಅರ್ಧ ಪುಟ ಕಿತ್ತುಕೊಂಡಿದ್ದೇನೆ, ಕ್ರೀಡಾ ವಿಭಾಗದವರು ನನ್ನ ಮೇಲೆ ಮುನಿಸಿಕೊಂಡಿದ್ದಾರೆ.

- ಸಂಪಾದಕ