ಆ ಹೊಲ ಮೊದಲೇ ಯಾರದೋ ಆಗಿತ್ತು

ಶಿವಮೊಗ್ಗದ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ಮಗಳ ಮನೆಗೆಂದು ಬಾಸ್ಟನ್‌ಗೆ ಹೋದಾಗ ಪ್ಲಿಮತ್ ನೋಡಿಕೊಂಡು ಬಂದೆ. 1620ರಲ್ಲಿ ಇಂಗ್ಲೆಂಡಿನಿಂದ ಮೇಫ್ಲವರ್ ಹಡಗಿನಲ್ಲಿ ಬಂದವರು ಒಂದೇ ವರ್ಷದಲ್ಲಿ ಬೆಳೆ ತೆಗೆದು ಹಬ್ಬ ಮಾಡಿದರಂತೆ. ಮೊಮ್ಮಗ, 'ಅಜ್ಜಿ, ಅಷ್ಟು ಬೇಗ ಕಾಡು ಕಡಿದಿದ್ದು ಹೇಗೆ?' ಅಂತ ಕೇಳಿದ. ನನಗೆ ಹೇಳಲು ಗೊತ್ತಾಗಲಿಲ್ಲ. ನೀವು ಹೇಳುತ್ತೀರಾ?"

ಸಂಪಾದಕರ ಉತ್ತರ:

ಮೇಡಂ, ನಿಮ್ಮ ಮೊಮ್ಮಗ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಾನೆ. ಬೇಸಾಯಕ್ಕಾಗಿ ಅವರು ಕಾಡು ಕಡಿಯಬೇಕಾಗಲೇ ಇಲ್ಲ. ಹೊಲ ಅಲ್ಲಿ ಮೊದಲೇ ಇತ್ತು.

ಆ ಜಾಗದ ಹಳೆಯ ಹೆಸರು ಪಟಕ್ಸೆಟ್. ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ಊರು. 1605ರಲ್ಲಿ ಫ್ರಾನ್ಸಿನ ಶಾಂಪ್ಲೇನ್ ಆ ಬಂದರಿಗೆ ಬಂದು ನಕ್ಷೆ ಬರೆದಿದ್ದ. ಅದರಲ್ಲಿ ನೀರಿನ ಸುತ್ತ ಮನೆಗಳಿವೆ, ಮನೆಗಳ ಪಕ್ಕ ಹೊಲಗಳಿವೆ. ಹದಿನೈದು ವರ್ಷದ ನಂತರ ಮೇಫ್ಲವರ್ ಬಂದಾಗ ಹೊಲದ ಜಾಗ ಹಾಗೇ ಇತ್ತು, ಜನ ಇರಲಿಲ್ಲ. 1616ರಿಂದ 1619ರ ನಡುವೆ ಆ ಕರಾವಳಿಗೆ ದೊಡ್ಡ ರೋಗ ಬಡಿದಿತ್ತು. ಯುರೋಪಿನ ಹಡಗುಗಳ ಜೊತೆ ಬಂದ ರೋಗ ಅದು, ಅಲ್ಲಿನವರ ಮೈಗೆ ತಡೆದುಕೊಳ್ಳುವ ಶಕ್ತಿ ಇರಲಿಲ್ಲ. ಊರಿಗೆ ಊರೇ ಮಲಗಿಬಿಟ್ಟಿತು. ಹೂಳುವವರೂ ಇಲ್ಲದೆ ಬುರುಡೆ, ಮೂಳೆಗಳು ನೆಲದ ಮೇಲೇ ಬಿದ್ದಿದ್ದವು ಎಂದು ಆಮೇಲೆ ಬಂದ ಇಂಗ್ಲಿಷರೇ ಬರೆದಿಟ್ಟಿದ್ದಾರೆ.

ಹಾಗಂತ ಬಂದವರ ಪಾಡು ಸುಲಭವಾಗಿತ್ತು ಅಂತಲ್ಲ. ಹಡಗಿನಲ್ಲಿದ್ದ ಪ್ರಯಾಣಿಕರು 102. ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ಜನ ತೀರಿಹೋದರು. ಒಂದು ಹಂತದಲ್ಲಿ ಎದ್ದು ಓಡಾಡುವಷ್ಟು ಗಟ್ಟಿಯಾಗಿದ್ದವರು ಆರೋ ಏಳೋ ಮಂದಿ. ಅವರೇ ಸೌದೆ ತಂದು, ಬೆಂಕಿ ಹಾಕಿ, ಅಡುಗೆ ಮಾಡಿ, ಕಾಯಿಲೆಯವರ ಹೊಲಸು ಬಟ್ಟೆ ಒಗೆದು ಎಲ್ಲರನ್ನೂ ನೋಡಿಕೊಂಡರು. ಆ ಆರೇಳು ಜನರ ಬಗ್ಗೆ ನನಗೆ ತುಂಬಾ ಗೌರವವಿದೆ.

ಆದರೆ ಬಿತ್ತನೆ ಬೀಜ ಎಲ್ಲಿಂದ ಬಂತು? ಅದನ್ನೂ ನಿಮ್ಮ ಮೊಮ್ಮಗನಿಗೆ ಹೇಳಬೇಕು. ಪ್ಲಿಮತ್‌ಗೆ ಬರುವ ಮುಂಚೆ, ನವೆಂಬರ್‌ನಲ್ಲಿ, ಅವರು ಕೇಪ್ ಕಾಡ್‌ನಲ್ಲಿ ಜಾಗ ಹುಡುಕುತ್ತಿದ್ದರು. ಒಂದು ಕಡೆ ಹೊಸದಾಗಿ ಮುಚ್ಚಿದ ಮರಳಿನ ಗುಡ್ಡೆ ಕಂಡಿತು. ಅಗೆದರು. ಒಳಗೆ ಒಂದು ಹೊಸ ಬುಟ್ಟಿ, ಅದರ ತುಂಬ ಆ ವರ್ಷದ ಮುಸುಕಿನ ಜೋಳ. 36 ಇಡೀ ತೆನೆಗಳೂ ಇದ್ದವು. ಕೆಲವು ಹಳದಿ, ಕೆಲವು ಕೆಂಪು, ಕೆಲವಕ್ಕೆ ನೀಲಿ ಬೆರೆತಿತ್ತು. ನಮ್ಮಲ್ಲಿ ಹಗೇವಿನಲ್ಲಿ ಕಾಳು ತುಂಬಿಡುತ್ತಿದ್ದರಲ್ಲ, ಹಾಗೆ ಯಾವುದೋ ಮನೆಯವರು ಮುಂದಿನ ದಿನಗಳಿಗೆಂದು ಹೂತಿಟ್ಟಿದ್ದ ಜೋಳ. ಇವರು ಹೊತ್ತುಕೊಂಡು ಹೋದರು. ಮುಂದಿನ ವರ್ಷ ಅದಕ್ಕೆ ಬದಲು ಕೊಟ್ಟು ತೀರಿಸಿದ್ದೂ ನಿಜ. ಆದರೂ ಆ ಚಳಿಗಾಲದಲ್ಲಿ ಬುಟ್ಟಿ ಹುಡುಕಿಕೊಂಡು ಬಂದು ಬರೀ ಗುಂಡಿ ನೋಡಿದವರಿಗೆ ಹೇಗಾಗಿರಬೇಡ!

1621ರ ಮಾರ್ಚ್‌ನಲ್ಲಿ ಒಬ್ಬ ಮನುಷ್ಯ ಬಿಲ್ಲು, ಎರಡು ಬಾಣ ಹಿಡಿದು ನೇರ ಅವರ ಬೀದಿಗೆ ನಡೆದು ಬಂದ. ಬಂದವನೇ ಇಂಗ್ಲಿಷಿನಲ್ಲಿ ಸ್ವಾಗತ ಹೇಳಿದ. ಅವನ ಹೆಸರು ಸಾಮೊಸೆಟ್. ಉತ್ತರದ ಕರಾವಳಿಗೆ ಬರುತ್ತಿದ್ದ ಇಂಗ್ಲಿಷ್ ಮೀನುಗಾರರಿಂದ ಆ ಭಾಷೆ ಕಲಿತಿದ್ದ. ಕೆಲವೇ ದಿನಗಳಲ್ಲಿ ತನಗಿಂತ ಚೆನ್ನಾಗಿ ಇಂಗ್ಲಿಷ್ ಬರುವ ಇನ್ನೊಬ್ಬನನ್ನು ಕರೆತಂದ. ಅವನೇ ಟಿಸ್ಕ್ವಾಂಟಮ್. ಮಕ್ಕಳ ಪುಸ್ತಕಗಳಲ್ಲಿ ಸ್ಕ್ವಾಂಟೊ.

ಈ ಟಿಸ್ಕ್ವಾಂಟಮ್ ಪಟಕ್ಸೆಟ್ ಊರಿನವನೇ. 1614ರಲ್ಲಿ ಥಾಮಸ್ ಹಂಟ್ ಎಂಬ ಇಂಗ್ಲಿಷ್ ಕ್ಯಾಪ್ಟನ್ ಅವನನ್ನೂ ಇನ್ನೂ ಇಪ್ಪತ್ತಕ್ಕೂ ಹೆಚ್ಚು ಜನರನ್ನೂ ಹಿಡಿದು, ಸ್ಪೇನಿನ ಮಲಗಾಕ್ಕೆ ಒಯ್ದು ಮಾರಾಟಕ್ಕಿಟ್ಟ. ಅಲ್ಲಿಂದ ಅದು ಹೇಗೋ ಲಂಡನ್ ಸೇರಿ, ಭಾಷೆ ಕಲಿತು, ಐದು ವರ್ಷದ ಮೇಲೆ, 1619ರಲ್ಲಿ, ಊರಿಗೆ ವಾಪಸ್ ಬಂದ. ಬಂದು ನೋಡಿದರೆ ಊರಿನಲ್ಲಿ ಒಂದು ಜೀವವೂ ಉಳಿದಿರಲಿಲ್ಲ. ಎರಡು ವರ್ಷ ಕಳೆದು, ತನ್ನನ್ನು ಕದ್ದವನ ದೇಶದವರೇ ತನ್ನೂರಿನ ನೆಲದಲ್ಲಿ ಗುಡಿಸಲು ಕಟ್ಟಿಕೊಂಡು ಹಸಿದು ಕೂತಿದ್ದರು. ಅವರಿಗೆ ಬೇಸಾಯ ಹೇಳಿಕೊಟ್ಟವನು ಅವನು.

ಹೇಳಿಕೊಟ್ಟದ್ದು ಹೀಗೆ. ಏಪ್ರಿಲ್‌ನಲ್ಲಿ ಸಮುದ್ರದ ಮೀನುಗಳು ಊರ ಪಕ್ಕದ ಹಳ್ಳ ಹತ್ತಿ ಬರುತ್ತವೆ, ಮೊಟ್ಟೆ ಇಡಲು. ಅವನ್ನು ಹಿಡಿದು, ಜೋಳ ಊರುವ ಕಡೆ ಮಣ್ಣಿನಲ್ಲಿ ಹೂಳಬೇಕು. ಅದೇ ಗೊಬ್ಬರ. ಅಲ್ಲಿನ ಜನ ಜೋಳದ ಜೊತೆ ಹುರುಳಿಕಾಯಿ, ಕುಂಬಳ ಸೇರಿಸಿ ಬೆಳೆಯುತ್ತಿದ್ದರು. ದಂಟಿಗೆ ಬಳ್ಳಿ ಹಬ್ಬುತ್ತದೆ, ಕುಂಬಳದ ಎಲೆ ನೆಲ ಮುಚ್ಚುತ್ತದೆ. ನಮ್ಮ ರಾಗಿ ಹೊಲದ ಅಕ್ಕಡಿ ಸಾಲು ನೋಡಿದವರಿಗೆ ಇದರ ಜಾಣತನ ಬಿಡಿಸಿ ಹೇಳಬೇಕಿಲ್ಲ. ಆ ವರ್ಷ ಇಂಗ್ಲಿಷರು ಸುಮಾರು 20 ಎಕರೆ ಜೋಳ ಹಾಕಿದರು. ಜೊತೆಗೆ ತಾವು ತಂದಿದ್ದ ಬಾರ್ಲಿ, ಬಟಾಣಿ ಒಂದು ಆರು ಎಕರೆ. ಬಾರ್ಲಿ ಸುಮಾರಾಗಿ ಬಂತು. ಬಟಾಣಿ ಹೂವಿನಲ್ಲೇ ಬಿಸಿಲಿಗೆ ಸುಟ್ಟುಹೋಯಿತು. ಅವರನ್ನು ಉಳಿಸಿದ್ದು ಜೋಳವೇ.

ಇಷ್ಟೆಲ್ಲ ಯಾಕೆ ಮಾಡಿದರು ಅಂತ ಕೇಳಬಹುದು. ಟಿಸ್ಕ್ವಾಂಟಮ್ ಮನಸ್ಸಿನಲ್ಲಿ ಏನಿತ್ತೋ, ಅವನು ಬರೆದಿಟ್ಟಿಲ್ಲ. 1622ರಲ್ಲಿ ಜ್ವರ ಬಂದು ಸತ್ತ. ವಾಂಪನೋಗ್ ಮುಖ್ಯಸ್ಥ ಮ್ಯಾಸಸೊಯಿಟ್‌ನ ಲೆಕ್ಕ ಮಾತ್ರ ಅರ್ಥವಾಗುತ್ತದೆ. ರೋಗದಿಂದ ಅವನ ಜನ ಸೊರಗಿದ್ದರು. ಪಶ್ಚಿಮದ ನರಗ್ಯಾನ್ಸೆಟ್ ಜನರಿಗೆ ಆ ರೋಗ ತಟ್ಟಿರಲಿಲ್ಲ, ಅವರ ಬಲ ಜಾಸ್ತಿ. ಬಂದೂಕು ಇರುವವರು ಜೊತೆಗಿರಲಿ ಎಂದು ಒಪ್ಪಂದ ಮಾಡಿಕೊಂಡ. ನೀವು ಹೇಳಿದ ಹಬ್ಬಕ್ಕೆ ಅವನು ಸುಮಾರು 90 ಜನರೊಂದಿಗೆ ಬಂದು ಮೂರು ದಿನ ಇದ್ದ. ಅವನ ಕಡೆಯವರು ಐದು ಜಿಂಕೆ ಬೇಟೆಯಾಡಿ ತಂದರು. ಒಪ್ಪಂದ ಅವನು ಬದುಕಿರುವವರೆಗೆ ನಿಂತಿತು. ಆಮೇಲೆ ನೆಲಕ್ಕಾಗಿ ಜಗಳ ಬೆಳೆದು 1675ರಲ್ಲಿ ಯುದ್ಧವಾಯಿತು. ಮ್ಯಾಸಸೊಯಿಟ್‌ನ ಮಗ ಮೆಟಾಕಾಮ್‌ನನ್ನು ಕೊಂದು, ಅವನ ತಲೆಯನ್ನು ಅದೇ ಪ್ಲಿಮತ್‌ನಲ್ಲಿ ಕಂಬಕ್ಕೆ ಸಿಕ್ಕಿಸಿ ವರ್ಷಗಟ್ಟಲೆ ಇಟ್ಟರು. ಇದನ್ನು ಮೊಮ್ಮಗನಿಗೆ ಈಗಲೇ ಹೇಳಬೇಕೋ, ಸ್ವಲ್ಪ ದೊಡ್ಡವನಾದ ಮೇಲೋ, ಅದು ನಿಮಗೆ ಬಿಟ್ಟಿದ್ದು. ಹೇಳದೆ ಮಾತ್ರ ಇರಬೇಡಿ.

ನೀವು 1620 ಎಂದು ಕೆತ್ತಿದ ಬಂಡೆ ನೋಡಿರುತ್ತೀರಿ. ಅದರ ಎದುರಿನ ದಿಬ್ಬ ಹತ್ತಿದರೆ ಮ್ಯಾಸಸೊಯಿಟ್‌ನ ಪ್ರತಿಮೆಯಿದೆ. 1970ರಿಂದ ಪ್ರತಿ ವರ್ಷ ನವೆಂಬರ್ ನಾಲ್ಕನೇ ಗುರುವಾರ, ಆ ಹಬ್ಬವನ್ನು ನೆನೆದು ದೇಶವೆಲ್ಲ ಥ್ಯಾಂಕ್ಸ್‌ಗಿವಿಂಗ್ ಊಟ ಮಾಡುವ ದಿನ, ಮೂಲನಿವಾಸಿಗಳು ಅಲ್ಲಿ ಸೇರಿ ಶೋಕ ದಿನ ಆಚರಿಸುತ್ತಾರೆ. ಮುಂದಿನ ಸಲ ಏಪ್ರಿಲ್ ಹೊತ್ತಿಗೆ ಹೋದರೆ ಮೊಮ್ಮಗನನ್ನು ಆ ಹಳ್ಳದ ಹತ್ತಿರವೂ ಕರೆದುಕೊಂಡು ಹೋಗಿ. ಟೌನ್ ಬ್ರೂಕ್ ಅಂತ ಅದರ ಹೆಸರು. ಮೀನುಗಳು ಈಗಲೂ ಹತ್ತಿ ಬರುತ್ತವೆ.